ಸಹಾಯ ಬೇಕು: ದಾಸವಾಳದ ನೀರಲ್ಲಿ ತೋಟದ ಮಣ್ಣು ಪರೀಕ್ಷೆ ಮಾಡೋದು ಹೇಗೆ?

ನಮಸ್ಕಾರ. ನಾವು ತೀರ್ಥಹಳ್ಳಿ ಕಡೆಯವರು. ಮಗಳು ಏಳನೇ ಕ್ಲಾಸು, ವಿಜ್ಞಾನದಲ್ಲಿ ಈಗ ಆಮ್ಲ, ಪ್ರತ್ಯಾಮ್ಲ ನಡೀತಿದೆ. ಅರಿಶಿನ ಹಚ್ಚಿದ ಕಾಗದಕ್ಕೆ ಸೋಪಿನ ನೀರು ಬಿಟ್ಟು ಕೆಂಪು ಮಾಡಿದಳು. ಕೆಂಪು ದಾಸವಾಳದ ಎಸಳನ್ನು ಬಿಸಿನೀರಲ್ಲಿ ನೆನೆಸಿ ಎರಡು ಲೋಟಕ್ಕೆ ಹಾಕಿದೆವು. ನಿಂಬೆರಸ ಬಿದ್ದದ್ದು ಗಾಢ ಗುಲಾಬಿ, ಸುಣ್ಣದ ತಿಳಿ ಬಿದ್ದದ್ದು ಹಸಿರು. ಅಜ್ಜಿಯೂ ಕವಳದ ತಟ್ಟೆ ಬಿಟ್ಟು ಎದ್ದು ಬಂದು ನೋಡಿದರು!

ತೊಂದರೆ ಶುರುವಾಗಿದ್ದು ಆಮೇಲೆ. ಮಳೆ ಜಾಸ್ತಿ ಇರೋ ಕಡೆ ಕ್ಯಾಲ್ಸಿಯಂನಂಥ ಅಂಶ ತೊಳೆದುಹೋಗಿ ಮಣ್ಣು ಹುಳಿಯಾಗುತ್ತೆ, ಅದಕ್ಕೇ ಅಡಿಕೆ ತೋಟಕ್ಕೆ ಸುಣ್ಣ ಹಾಕೋದು ಅಂತ ನಾನು ಸುಮ್ನೆ ಹೇಳಿಬಿಟ್ಟೆ. "ಹಂಗಾದ್ರೆ ಮಾಡಿ ತೋರ್ಸು ಅಪ್ಪಯ್ಯ" ಅಂದಳು. ತೋಟದ ಮಣ್ಣು ಕಲಸಿ ದಾಸವಾಳದ ನೀರು ಹಾಕಿದರೆ ಎಲ್ಲಾ ಕೆಂಪು ರಾಡಿ. ಬಣ್ಣ ಎಲ್ಲಿ ಕಾಣಬೇಕು? ಪಂಚೆ ಬಟ್ಟೆಯಲ್ಲಿ ಎರಡು ಸಲ ಸೋಸಿದರೂ ಅಷ್ಟೇ.

ಇಲ್ಲಿ ಮೇಷ್ಟ್ರು, ಕೃಷಿ ಓದಿದವರು ಇದ್ದೀರಲ್ವಾ? ಮಣ್ಣಿನ ನೀರು ತಿಳಿಯಾಗೋಕೆ ಏನು ಮಾಡಬೇಕು? ಇಷ್ಟು ಸಣ್ಣ ಹುಳಿ ದಾಸವಾಳಕ್ಕೆ ಗೊತ್ತಾಗುತ್ತಾ, ಇಲ್ಲ ಹುಳಿ ಎಷ್ಟಿದೆ ಅಂತ ಬಣ್ಣದಲ್ಲಿ ತೋರಿಸೋ ಪಿಎಚ್ ಕಾಗದದ ಪಟ್ಟಿಯೇ ಬೇಕಾ? ಶಿವಮೊಗ್ಗದಲ್ಲಿ ಹತ್ತಿಪ್ಪತ್ತು ಪಟ್ಟಿ ಬಿಡಿಯಾಗಿ ಎಲ್ಲಿ ಸಿಗುತ್ತೆ? ಸೋಮವಾರ ಶಾಲೆಯಲ್ಲಿ ತೋರಿಸಬೇಕಂತೆ.