ಪದ್ಮಾ ಚಿಕ್ಕಮ್ಮನ ಮಂಡಿಯ ಸದ್ದಿಗೆ ಉತ್ತರ

ಪದ್ಮಾ ಚಿಕ್ಕಮ್ಮ, ನಮಸ್ಕಾರ. ನಿನ್ನೆ ರಾತ್ರಿ ನೀವು ಗ್ರೂಪಿನಲ್ಲಿ ಹಾಕಿದ ವಿಡಿಯೊವನ್ನೂ ಅದರ ಕೆಳಗೆ ಬರೆದದ್ದನ್ನೂ ನೋಡಿದೆ. ಮಂಡಿಯೆಂದರೆ ಬಾಗಿಲಿನ ತಿರುಗಣಿ ಇದ್ದ ಹಾಗೆ, ಒಳಗಿನ ಎಣ್ಣೆ ಆರಿದರೆ ಕಟಕಟ ಸದ್ದು ಬರುತ್ತದೆ, ಆಮೇಲೆ ಅಲ್ಲಾಡಿಸಿದಷ್ಟೂ ಸವೆಯುತ್ತದೆ ಎಂದು ಅದರಲ್ಲಿ ಹೇಳಿದ್ದಾರೆ. ಅದನ್ನು ನಂಬಿ ನೀವು ಸಂಜೆಯ ನಡಿಗೆಯನ್ನು ಬಿಟ್ಟಿದ್ದೀರಿ, ಡೊಂಬಿವಲಿಯ ಮನೆಯಿಂದ ಮೂರು ಮಹಡಿ ಇಳಿದು ಹೊರಗೆ ಹೋಗುವುದನ್ನೂ ನಿಲ್ಲಿಸಿದ್ದೀರಿ ಎಂದು ಓದಿ ನನಗೆ ಕಳವಳವಾಯಿತು. ಕಾಲೇಜಿನಲ್ಲಿ ಹುಡುಗರಿಗೆ ಕೀಲುಗಳನ್ನು ಬಿಡಿಸಿ ತೋರಿಸುವುದೇ ನನ್ನ ಕೆಲಸವಾದ್ದರಿಂದ ಒಂದು ಸಾಲಿನಲ್ಲಿ ಉತ್ತರಿಸಲು ಮನಸ್ಸು ಒಪ್ಪಲಿಲ್ಲ. ಸಂದೇಶ ಉದ್ದವಾಗುತ್ತದೆ, ಬಿಡುವಾದಾಗ ಕೂತು ಕೇಳಿ.

ಮಂಡಿಯಲ್ಲಿ ಮೂರು ಎಲುಬುಗಳು ಕೂಡುತ್ತವೆ: ಮೇಲಿನಿಂದ ತೊಡೆಯ ಎಲುಬು, ಕೆಳಗಿನಿಂದ ಕಾಲಿನ ದಪ್ಪ ಎಲುಬು, ಮುಂದೆ ಮಂಡಿಚಿಪ್ಪು. ಆರೋಗ್ಯವಾಗಿರುವ ಮಂಡಿಯಲ್ಲಿ ಈ ಎಲುಬುಗಳು ಒಂದನ್ನೊಂದು ನೇರವಾಗಿ ಉಜ್ಜುವುದಿಲ್ಲ, ಏಕೆಂದರೆ ಅವು ಕೂಡುವ ಜಾಗಕ್ಕೆಲ್ಲ ಕೆಲವೇ ಮಿಲಿಮೀಟರ್ ದಪ್ಪದ ಮೃದ್ವಸ್ಥಿಯ, ಅಂದರೆ ಕಾರ್ಟಿಲೇಜಿನ, ಹೊದಿಕೆ ಇರುತ್ತದೆ. ಎಳೆಯ ವಯಸ್ಸಿನವರ ಕೀಲಿನಲ್ಲಿ ಅದು ತೆಳುನೀಲಿ ಬೆರೆತ ಬಿಳುಪಾಗಿ ಹೊಳೆಯುತ್ತಿರುತ್ತದೆ, ಒದ್ದೆಯಿರುವಾಗ ಮುಟ್ಟಿದರೆ ಬೆರಳು ನಿಲ್ಲದೆ ಜಾರುತ್ತದೆ. ಅದರ ತೂಕದ ಮುಕ್ಕಾಲು ಪಾಲಿನಷ್ಟು ನೀರೇ. ಎಲ್ಲಕ್ಕಿಂತ ಮುಖ್ಯವಾದ ಮಾತೆಂದರೆ, ಅದರೊಳಗೆ ರಕ್ತನಾಳಗಳಿಲ್ಲ.

ರಕ್ತ ಹೋಗದ ಜಾಗಕ್ಕೆ ಆಹಾರ ಹೇಗೆ ತಲುಪುತ್ತದೆ ಎಂದು ನೀವು ಕೇಳಬಹುದು. ಕೀಲನ್ನು ಸುತ್ತುವರಿದ ಚೀಲದ ಒಳಪೊರೆ ರಕ್ತದಿಂದ ಸೋಸಿ, ತನ್ನದೂ ಒಂದಿಷ್ಟು ಸೇರಿಸಿ, ಲೋಳೆಯಂಥ ದ್ರವವನ್ನು ಒಸರುತ್ತದೆ. ವಿಡಿಯೊದವರು ಎಣ್ಣೆಯೆಂದದ್ದು ಇದನ್ನೇ. ನೀವು ಹೆಜ್ಜೆಯಿಟ್ಟಾಗ ಮೈಭಾರಕ್ಕೆ ಮೃದ್ವಸ್ಥಿ ಅದುಮಿಕೊಂಡು ಒಳಗಿನ ನೀರು ಹೊರಗೆ ಬರುತ್ತದೆ, ಕಾಲೆತ್ತಿದಾಗ ದ್ರವವು ಪೋಷಕಾಂಶಗಳ ಸಮೇತ ಒಳಗೆ ಸೇರುತ್ತದೆ. ಹೀಗೆ ಒತ್ತುವುದು, ಬಿಡುವುದು ನಡೆಯುತ್ತಿದ್ದರೆ ಮಾತ್ರ ಅಲ್ಲಿನ ಜೀವಕೋಶಗಳಿಗೆ ಸರಿಯಾಗಿ ಊಟ ಸಿಗುತ್ತದೆ. ಮಂಡಿಯನ್ನು ಉಳಿಸಿಕೊಳ್ಳಬೇಕೆಂದು ಇಡೀ ದಿನ ಮಂಚದ ಮೇಲೆ ಕೂತರೆ ಅದನ್ನು ಉಪವಾಸ ಕೆಡವಿದಂತೆಯೇ ಆಗುತ್ತದೆ, ಚಿಕ್ಕಮ್ಮ. ನಾನು ಇಷ್ಟು ಒತ್ತಿ ಹೇಳುತ್ತಿರುವುದು ಇದೇ ಕಾರಣಕ್ಕೆ.

ಎಣ್ಣೆ ಆರಿತೆಂಬ ಮಾತೂ ಸರಿಯಲ್ಲ. ಆರೋಗ್ಯವಾಗಿರುವ ಮಂಡಿಯಲ್ಲಿ ಈ ದ್ರವ ಒಂದು ಚಹಾ ಚಮಚೆಯಷ್ಟೂ ಇರುವುದಿಲ್ಲ. ಕೀಲು ಕೆಟ್ಟು ಊದಿಕೊಂಡಾಗ ಅದು ತೆಳುವಾಗುತ್ತದೆ, ಆದರೆ ಸಾಮಾನ್ಯವಾಗಿ ಪ್ರಮಾಣ ಹೆಚ್ಚುತ್ತದೆ. ಇನ್ನು ಸದ್ದಿನ ವಿಷಯ. ಬೆರಳಿನ ನೆಟಿಗೆ ತೆಗೆದಾಗ ಕೀಲಿನೊಳಗಿನ ಒತ್ತಡ ಥಟ್ಟನೆ ಇಳಿದು ದ್ರವದಲ್ಲಿ ಅನಿಲದ ಪೊಳ್ಳು ಉಂಟಾಗುವುದನ್ನು 2015ರಲ್ಲಿ ಕೆನಡಾದ ಸಂಶೋಧಕರು ಎಂಆರ್‌ಐ ಚಿತ್ರಗಳಲ್ಲಿ ಕಂಡರು. ಮಂಡಿಯಲ್ಲಿ ಇದರ ಜೊತೆಗೆ, ಮಾಂಸಖಂಡವನ್ನು ಎಲುಬಿಗೆ ಕಟ್ಟುವ ಸ್ನಾಯುರಜ್ಜು ಎಲುಬಿನ ಉಬ್ಬಿನ ಮೇಲೆ ಜಾರುವಾಗಲೂ ಮಂಡಿಚಿಪ್ಪು ತನ್ನ ಹಳ್ಳದಲ್ಲಿ ಸರಿಯುವಾಗಲೂ ಸದ್ದಾಗುತ್ತದೆ. ನೋವೂ ಊತವೂ ಇಲ್ಲದ ಸದ್ದಿಗೆ ಹೆದರಬೇಕಾಗಿಲ್ಲ.

ತಿರುಗಣಿಯ ಹೋಲಿಕೆಯನ್ನು ನಾನು ಒಪ್ಪದಿರುವುದಕ್ಕೆ ಇನ್ನೊಂದು ಕಾರಣವಿದೆ. ತಿರುಗಣಿ ಒಂದೇ ಸರಳಿನ ಸುತ್ತ ತಿರುಗುತ್ತದೆ, ಮಂಡಿ ಹಾಗಲ್ಲ. ಕಾಲು ಮಡಚುವಾಗ ತೊಡೆಯ ಎಲುಬಿನ ದುಂಡು ತುದಿಗಳು ಕೆಳಗಿನ ಎಲುಬಿನ ಮೇಲೆ ಉರುಳುತ್ತವೆ, ಉರುಳುತ್ತಲೇ ಜಾರುತ್ತವೆ. ಬರೀ ಉರುಳಿದ್ದರೆ ತೊಡೆಯ ಎಲುಬು ಹಿಂದಕ್ಕೆ ಹೋಗಿ ಬಿದ್ದೇಬಿಡುತ್ತಿತ್ತು. ಹಾಗಾಗದಂತೆ ಕೀಲಿನ ನಡುವೆ ಒಂದನ್ನೊಂದು ಅಡ್ಡಹಾಯುವ ಎರಡು ಅಸ್ಥಿರಜ್ಜುಗಳು, ಅಂದರೆ ಎಲುಬಿಗೆ ಎಲುಬನ್ನು ಬಿಗಿಯುವ ಕಟ್ಟುಗಳು, ಹಿಡಿದಿಡುತ್ತವೆ. ಎರಡು ಎಲುಬುಗಳ ಮಧ್ಯೆ ಅರ್ಧಚಂದ್ರದ ಆಕಾರದ ಎರಡು ಮೆತ್ತೆಗಳಿವೆ. ಅವು ಹೊರ ಅಂಚಿನಲ್ಲಿ ದಪ್ಪ, ಒಳ ಅಂಚಿನಲ್ಲಿ ತೆಳು. ಕಾಲು ಮಡಚಿದಂತೆ ಅವೂ ಹಿಂದಕ್ಕೆ ಸರಿದು ಭಾರವನ್ನು ಹಂಚಿಕೊಳ್ಳುತ್ತವೆ.

ಇದನ್ನು ನೀವೇ ಪರೀಕ್ಷಿಸಬಹುದು. ಕುರ್ಚಿಯಲ್ಲಿ ಕೂತು, ಮಂಡಿಚಿಪ್ಪಿನ ಕೆಳಗೆ ಕಾಲೆಲುಬಿನ ಮೇಲಿರುವ ಸಣ್ಣ ಉಬ್ಬಿನ ಮೇಲೆ ಬೆರಳಿಟ್ಟು, ನಿಧಾನವಾಗಿ ಕಾಲನ್ನು ಪೂರ್ತಿ ಚಾಚಿ. ನೇರವಾಗುವ ಕೊನೆಯ ಹಂತದಲ್ಲಿ ಆ ಉಬ್ಬು ತುಸು ಹೊರಬದಿಗೆ ತಿರುಗುವುದು ಬೆರಳಿಗೆ ತಿಳಿಯುತ್ತದೆ. ತೊಡೆಯೆಲುಬಿನ ಒಳಬದಿಯ ಮೈ ಹೊರಬದಿಯದಕ್ಕಿಂತ ಉದ್ದವಾಗಿರುವುದೂ ಅಸ್ಥಿರಜ್ಜುಗಳು ಬಿಗಿಯುವುದೂ ಈ ತಿರುವಿಗೆ ಕಾರಣ. ಅಷ್ಟಾದಾಗ ಮಂಡಿ ಬೀಗ ಬಿದ್ದಂತೆ ಭದ್ರವಾಗಿ, ತೊಡೆಯ ಮಾಂಸಖಂಡಗಳಿಗೆ ಹೆಚ್ಚು ಶ್ರಮವಿಲ್ಲದೆ ನಿಲ್ಲಲು ಸಾಧ್ಯವಾಗುತ್ತದೆ. ದಾದರ್‌ವರೆಗೆ ಲೋಕಲ್ ರೈಲಿನಲ್ಲಿ ನಿಂತೇ ಹೋಗುವವರನ್ನು ಕಾಯುವುದು ಈ ಏರ್ಪಾಟೇ. ಮತ್ತೆ ಮಡಚುವಾಗ ಮಂಡಿಯ ಹಿಂದಿರುವ ಒಂದು ಚಿಕ್ಕ ಮಾಂಸಖಂಡ ಬೀಗ ತೆಗೆಯುತ್ತದೆ. ಇಷ್ಟು ವರ್ಷ ಪಾಠ ಮಾಡಿದರೂ ಇದನ್ನು ತೋರಿಸುವಾಗ ನನಗೆ ಪ್ರತಿಸಲವೂ ಬೆರಗಾಗುತ್ತದೆ.

ನಿಮ್ಮಿಂದ ಒಂದು ಮಾತನ್ನು ಮುಚ್ಚಿಡಬಾರದು. ಸವೆದುಹೋದ ಮೃದ್ವಸ್ಥಿ ನಡೆದರೆ ಮತ್ತೆ ಬೆಳೆಯುವುದಿಲ್ಲ. ಒಮ್ಮೆ ನಾಶವಾದರೆ ಅದು ಸರಿಹೋಗುವುದಿಲ್ಲವೆಂದು ವಿಲಿಯಂ ಹಂಟರ್ ಎಂಬ ವೈದ್ಯರು 1743ರಲ್ಲೇ ಬರೆದಿದ್ದರು, ಇಂದಿಗೂ ಆ ಮಾತು ಬಹುಮಟ್ಟಿಗೆ ನಿಜ. ಆದರೆ ನೋವು ಕೇವಲ ಸವೆತದಿಂದ ಬರುವುದಲ್ಲ. ಮೃದ್ವಸ್ಥಿಯಲ್ಲಿ ನರಗಳೇ ಇಲ್ಲ. ನೋಯುವುದು ಒಳಪೊರೆ, ಎಲುಬು, ಸುತ್ತಲಿನ ಕಟ್ಟುಗಳು. ತೊಡೆಯ ಮುಂಭಾಗದ ಮಾಂಸಖಂಡ ಬಲವಾಗಿದ್ದರೆ ಕೀಲಿನ ಮೇಲಿನ ಹೊಡೆತವನ್ನು ಅದು ತಾಳಿಕೊಳ್ಳುತ್ತದೆ, ಸುಮ್ಮನೆ ಕೂತರೆ ಕೆಲವೇ ವಾರಗಳಲ್ಲಿ ಸೊರಗುತ್ತದೆ.

ಆದ್ದರಿಂದ ಸಮತಟ್ಟಾದ ಜಾಗದಲ್ಲಿ ನಡಿಗೆಯನ್ನು ಮತ್ತೆ ಆರಂಭಿಸಿ. ಮೊದಲು ಸ್ವಲ್ಪ, ಆಮೇಲೆ ಹೆಚ್ಚು. ಮೆಟ್ಟಿಲಿನಲ್ಲಿ ಮಂಡಿಯ ಮೇಲೆ ಮೈತೂಕದ ಸುಮಾರು ಮೂರು ಪಟ್ಟು ಭಾರ ಬೀಳುವುದರಿಂದ ಕಂಬಿ ಹಿಡಿಯಿರಿ. ಹತ್ತುವಾಗ ನೋವಿಲ್ಲದ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಕುರ್ಚಿಯಲ್ಲಿ ಕೂತು ಕಾಲನ್ನು ನೇರ ಚಾಚಿ, ಹತ್ತು ಎಣಿಸುವಷ್ಟು ಹೊತ್ತು ಹಿಡಿದು ಇಳಿಸುವುದನ್ನು ಬೆಳಗ್ಗೆ ಸಂಜೆ ಮಾಡಿ. ಮಂಡಿ ಊದಿಕೊಂಡು ಬಿಸಿಯಾದರೆ, ಜ್ವರ ಬಂದರೆ, ಮಡಚಿದ ಕಾಲು ಸಿಕ್ಕಿಕೊಂಡು ಚಾಚಲಾಗದಿದ್ದರೆ ಅಥವಾ ನಿಂತಾಗ ಕುಸಿದರೆ ವಿಡಿಯೊಗಳನ್ನು ಬಿಟ್ಟು ಆ ದಿನವೇ ವೈದ್ಯರ ಬಳಿ ಹೋಗಿ. ಸದ್ದು ಬರುವಾಗ ನೋವಿದೆಯೇ, ಯಾವ ಬದಿಯಲ್ಲಿ, ಹತ್ತುವಾಗಲೋ ಇಳಿಯುವಾಗಲೋ ಎಂಬುದನ್ನು ಗಮನಿಸಿ ನನಗೆ ತಿಳಿಸಿ. ಭಾನುವಾರ ಬಂದಾಗ ಎರಡೂ ಕಾಲುಗಳ ಬಲವನ್ನು ನೋಡುತ್ತೇನೆ.