ಮಾನವ ಹಕ್ಕುಗಳಲ್ಲಿ ಎಲ್‌ಎಲ್‌ಎಂ: ಈಗಲೇ ಮಾಡಬೇಕಾ?

ಪ್ರಶ್ನೆ (ಸದಸ್ಯೆ, ಕೊಪ್ಪಳ): ಮೇಡಂ, ನಮಸ್ಕಾರ. ಎಲ್‌ಎಲ್‌ಬಿ ಕನ್ನಡ ಮಾಧ್ಯಮದಲ್ಲೇ ಬರೆದು ಪಾಸಾದೆ. ಸನ್ನದು ಆಗಿದೆ, ಸೀನಿಯರ್ ಹತ್ರ ಕ್ರಿಮಿನಲ್ ಕೆಲಸ ಕಲೀತಿದ್ದೀನಿ. ಮಾನವ ಹಕ್ಕುಗಳಲ್ಲಿ ಎಲ್‌ಎಲ್‌ಎಂ (ಕಾನೂನಿನ ಸ್ನಾತಕೋತ್ತರ ಪದವಿ) ಮಾಡ್ಬೇಕು ಅಂತ ಆಸೆ. ಸೀನಿಯರ್ ಮಾತ್ರ "ಅದು ತಗೊಂಡು ಏನ್ ಮಾಡ್ತೀಯವ್ವಾ" ಅಂತಾರ. ಒಂದು ವರ್ಷದ ಕೋರ್ಸ್ ಒಳ್ಳೇದಾ, ಎರಡು ವರ್ಷದ್ದಾ? ವಿದೇಶಕ್ಕೂ ಅರ್ಜಿ ಹಾಕಬಹುದಾ?

ಉತ್ತರ (ಹೈಕೋರ್ಟ್ ವಕೀಲೆ): ನಿಮ್ಮ ಸೀನಿಯರ್ ಹೇಳಿದ್ದರಲ್ಲಿ ಅರ್ಧ ಸರಿ. ಮಾನವ ಹಕ್ಕು ಅಂತ ಬೇರೆ ಬೋರ್ಡು ಹಾಕಿಕೊಂಡು ನಡೆಸುವ ವಕಾಲತ್ತು ನಮ್ಮಲ್ಲಿ ಕಡಿಮೆ. 1993ರ ಮಾನವ ಹಕ್ಕುಗಳ ಸಂರಕ್ಷಣಾ ಕಾಯ್ದೆಯ ವ್ಯಾಖ್ಯೆಯನ್ನೇ ನೋಡಿ. ಜೀವ, ಸ್ವಾತಂತ್ರ್ಯ, ಸಮಾನತೆ, ಘನತೆಯ ಹಕ್ಕುಗಳು ಸಂವಿಧಾನದಲ್ಲಿರಬೇಕು, ಇಲ್ಲವೇ ಅಂತರರಾಷ್ಟ್ರೀಯ ಒಡಂಬಡಿಕೆಯಲ್ಲಿದ್ದು ಇಲ್ಲಿನ ಕೋರ್ಟಿನಲ್ಲಿ ಜಾರಿಯಾಗುವಂತಿರಬೇಕು. ಹಾಗಾಗಿ ಕೊನೆಗೆ ನೀವು ಬಂದು ನಿಲ್ಲೋದು ಜೀವ, ಸ್ವಾತಂತ್ರ್ಯದ ಹಕ್ಕು ಕೊಡುವ ಸಂವಿಧಾನದ 21ನೇ ವಿಧಿಗೆ, ಹೈಕೋರ್ಟಿಗೆ ಹಾಕುವ 226ನೇ ವಿಧಿಯ ರಿಟ್‌ಗೆ. ಮಾನವ ಹಕ್ಕುಗಳ ಆಯೋಗಕ್ಕೆ ಹೋದರೆ ಘಟನೆ ನಡೆದು ಒಂದು ವರ್ಷದೊಳಗೆ ದೂರು ಕೊಡಬೇಕು. ಅಷ್ಟಾದ ಮೇಲೂ ಅದು ಮಾಡೋದು ಶಿಫಾರಸು.

ಇದನ್ನು ಹೇಳಿದ್ದು ಓದಬೇಡಿ ಅನ್ನೋಕಲ್ಲ. ಕಡತ ಓದಲು ಕಲಿತು ಆಮೇಲೆ ಹೋಗಿ. ಬಂಧನದ ವೇಳೆ ಪೊಲೀಸರು ಪಾಲಿಸಬೇಕಾದ ನಿಯಮ ಹಾಕಿಕೊಟ್ಟ ಸುಪ್ರೀಂ ಕೋರ್ಟಿನ ಡಿ.ಕೆ. ಬಸು ತೀರ್ಪನ್ನು ಗಿಳಿಪಾಠ ಒಪ್ಪಿಸುವ ಎಲ್‌ಎಲ್‌ಎಂ ಪದವೀಧರರು ನಮ್ಮ ಆಫೀಸಿಗೆ ಬರ್ತಾರೆ. ಕಸ್ಟಡಿ ಸಾವಿನ ಕಡತ ಮುಂದಿಟ್ಟರೆ ಬಂಧನದ ಮೆಮೊ ಯಾವ ಪುಟದಲ್ಲಿದೆ ಅಂತ ತಡಕಾಡ್ತಾರೆ. ಮೆಮೊದಲ್ಲಿ ಮನೆಯವರದೋ ಊರಿನ ಗಣ್ಯರದೋ ಸಾಕ್ಷಿ ಸಹಿ ಇದೆಯಾ? ಅದರಲ್ಲಿ ಬರೆದ ಹೊತ್ತಿಗೂ ಠಾಣೆ ಡೈರಿಗೂ ತಾಳೆ ಆಗುತ್ತಾ? 48 ಗಂಟೆಗೊಮ್ಮೆ ವೈದ್ಯರ ತಪಾಸಣೆ ನಡೆದಿತ್ತಾ? ಮರಣೋತ್ತರ ವರದಿಯಲ್ಲಿ ಬರೆದ ಗಾಯಗಳು ಬಂಧನಕ್ಕೆ ಮುಂಚಿನವಾ, ಆಮೇಲಿನವಾ? ಕೇಸು ಗೆಲ್ಲೋದೂ ಸೋಲೋದೂ ಇಲ್ಲೇ. ಇದನ್ನು ನಿಮ್ಮ ಸೀನಿಯರ್ ಕಲಿಸ್ತಾರೆ, ವಿಶ್ವವಿದ್ಯಾಲಯ ಕಲಿಸಲ್ಲ. ಎರಡು ವರ್ಷ ಅಲ್ಲೇ ಇರಿ.

ಕೋರ್ಸಿನ ಮಾತಿಗೆ ಬಂದರೆ, ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್‌ನಲ್ಲಿರೋದು ಒಂದು ವರ್ಷದ ಎಲ್‌ಎಲ್‌ಎಂ. ಅದಕ್ಕೆ ಕ್ಲಾಟ್ ಪಿಜಿ ಪ್ರವೇಶ ಪರೀಕ್ಷೆ ಬರೀಬೇಕು: ಎರಡು ಗಂಟೆ, 120 ಪ್ರಶ್ನೆ, ಎಲ್ಲ ಇಂಗ್ಲಿಷ್‌ನಲ್ಲಿ. ಇಂಗ್ಲಿಷ್‌ಗೆ ಹೆದರಬೇಡಿ. ದಿನಾ ಒಂದು ಸುಪ್ರೀಂ ಕೋರ್ಟ್ ತೀರ್ಪನ್ನು ಮೂಲದಲ್ಲೇ ಓದಿ, ಅದೇ ಅಭ್ಯಾಸ. ಎರಡು ವರ್ಷದ ಕೋರ್ಸಲ್ಲಿ ಪ್ರಬಂಧಕ್ಕೆ ಬಿಡುವು ಸಿಗುತ್ತೆ. ಮಾನವ ಹಕ್ಕು ವಿಭಾಗ ಸಿಗದಿದ್ದರೆ ಸಂವಿಧಾನ ತಗೊಳ್ಳಿ, ನಷ್ಟವಿಲ್ಲ. ಸರ್ಟಿಫಿಕೇಟಿಗಿಂತ ಪ್ರಬಂಧದ ವಿಷಯ ಮುಖ್ಯ. ನೀವು ಕೊಪ್ಪಳದವರು. 1982ರ ದೇವದಾಸಿ ಸಮರ್ಪಣಾ ನಿಷೇಧ ಕಾಯ್ದೆಯಡಿ ನಿಮ್ಮ ತಾಲ್ಲೂಕು ಕೋರ್ಟುಗಳಿಗೆ ಎಷ್ಟು ಕೇಸು ಬಂದವು, ಯಾಕೆ ಬಿದ್ದುಹೋದವು ಅಂತ ಕೂತು ಕಡತ ತೆಗೆಸಿ. ದೆಹಲಿಯಲ್ಲಿ ಕೂತವರಿಗೆ ಅದು ಸಾಧ್ಯವಿಲ್ಲ.

ಮರುಪ್ರಶ್ನೆ (ಅದೇ ಸದಸ್ಯೆ): ವಿದೇಶದ್ದು ಹೇಳಲಿಲ್ಲ ಮೇಡಂ.

ಉತ್ತರ: ಮರೆತಿಲ್ಲ, ಕೋರ್ಟಿಗೆ ಹೊರಟಿದ್ದೆ. ಇಂಗ್ಲೆಂಡಿನ ಎಸೆಕ್ಸ್ ಈ ವಿಷಯಕ್ಕೆ ಹೆಸರಾದ ವಿಶ್ವವಿದ್ಯಾಲಯ. ಬ್ರಿಟನ್ ಸರ್ಕಾರದ ಚೀವನಿಂಗ್ ವಿದ್ಯಾರ್ಥಿವೇತನಕ್ಕೆ 2,800 ಗಂಟೆಗಳ, ಅಂದರೆ ಸುಮಾರು ಎರಡು ವರ್ಷದ ಕೆಲಸದ ಅನುಭವ ಕೇಳ್ತಾರೆ. ಎರಡು ವರ್ಷ ಇರಿ ಅಂದದ್ದಕ್ಕೆ ಇದೂ ಒಂದು ಕಾರಣ. ಪರಿಶಿಷ್ಟ ಜಾತಿಯವರಿಗೆ ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಇದೆ. ಆದರೆ ಭಾರತದ ಸಂಸ್ಕೃತಿ, ಇತಿಹಾಸ, ಸಮಾಜ ಅಧ್ಯಯನದ ವಿಷಯಗಳನ್ನು 2022ರಲ್ಲಿ ಅದರಿಂದ ಹೊರಗಿಟ್ಟರು. ಜಾತಿ ತಾರತಮ್ಯದ ಬಗ್ಗೆ ಓದಬೇಕು ಅನ್ನುವವರಿಗೇ ಬಾಗಿಲು ಹಾಕಿದ ಹಾಗಾಯ್ತು ಅನ್ನೋದು ನನ್ನ ಅಭಿಪ್ರಾಯ. ಅರ್ಜಿಗೆ ಮುಂಚೆ ಆ ವರ್ಷದ ಮಾರ್ಗಸೂಚಿ ಓದಿ. ವಿದೇಶದಲ್ಲಿ ಕಲಿಸುವ ವಿಶ್ವಸಂಸ್ಥೆಯ ದೂರು ವ್ಯವಸ್ಥೆ ಇಲ್ಲಿನ ಕಕ್ಷಿದಾರರಿಗೆ ಅಷ್ಟಾಗಿ ದಕ್ಕಲ್ಲ ಅನ್ನೋದೂ ತಿಳಿದಿರಲಿ. ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಡಂಬಡಿಕೆಗೆ ಭಾರತ 1979ರಲ್ಲೇ ಸೇರಿದರೂ, ವ್ಯಕ್ತಿ ನೇರವಾಗಿ ದೂರು ಕೊಡುವ ಅದರ ಐಚ್ಛಿಕ ಪೂರಕ ಒಪ್ಪಂದವನ್ನು (ಆಪ್ಷನಲ್ ಪ್ರೋಟೊಕಾಲ್) ಒಪ್ಪಿಲ್ಲ. ಚಿತ್ರಹಿಂಸೆ ವಿರೋಧಿ ಒಪ್ಪಂದಕ್ಕೆ 1997ರಲ್ಲಿ ಸಹಿ ಹಾಕಿದ್ದಷ್ಟೇ, ಅನುಮೋದಿಸಿಲ್ಲ.

ಇನ್ನೊಬ್ಬ ಸದಸ್ಯ (ಹಾಸನ): ನನಗೆ ಕೋರ್ಟು ಬೇಡ ಮೇಡಂ, ಪಾಠ ಮಾಡ್ಬೇಕು. ನೆಟ್ (ಅಧ್ಯಾಪಕರ ಅರ್ಹತಾ ಪರೀಕ್ಷೆ) ಯಾವ ವಿಷಯದಲ್ಲಿ ಬರೀಲಿ?

ಉತ್ತರ: ನೆಟ್‌ನಲ್ಲಿ ಕಾನೂನು ಒಂದು ವಿಷಯ, 'ಮಾನವ ಹಕ್ಕುಗಳು ಮತ್ತು ಕರ್ತವ್ಯಗಳು' ಬೇರೆಯೇ ವಿಷಯ. ಲಾ ಕಾಲೇಜಲ್ಲಿ ಪಾಠ ಮಾಡೋದಾದರೆ ಕಾನೂನು ಬರೀರಿ.