ಅಮ್ಮನಿಗೆ ಬೈಪೋಲಾರ್, ನಾನು ಮನೆ ಬಿಟ್ಟು ಹೋಗಬಹುದಾ? ಅನುಭವ ಇದ್ದವರು ಹೇಳಿ

ಕೇಳಿದವಳು: ನನಗೆ 23. ಅಮ್ಮನ ಮನಸ್ಸು ಒಮ್ಮೆ ವಿಪರೀತ ಉತ್ಸಾಹಕ್ಕೆ ಏರುತ್ತದೆ, ಒಮ್ಮೆ ಖಿನ್ನತೆಗೆ ಇಳಿಯುತ್ತದೆ. ಅದನ್ನು ಹಿಡಿತದಲ್ಲಿಡಲು ಲಿಥಿಯಂ ಮಾತ್ರೆ ತೆಗೆದುಕೊಳ್ಳುತ್ತಾರೆ. ಬೇರೆ ಊರಲ್ಲಿ ಕೆಲಸ ಸಿಕ್ಕಿದೆ. ಅಪ್ಪ ಇದ್ದಾರೆ, ಆದರೆ ಮಾತ್ರೆ, ರಕ್ತ ಪರೀಕ್ಷೆ ಎಲ್ಲಾ ನೋಡಿಕೊಳ್ಳುವುದು ನಾನೇ. ಹೋಗಲಾ?

ಹಿರಿಮಗಳು: ನಾನು ಹೋಗಲಿಲ್ಲ. 11 ವರ್ಷ ಆಯ್ತು. ಅಮ್ಮ ಎರಡು ರಾತ್ರಿ ನಿದ್ದೆ ಮಾಡದಿದ್ದರೆ ಮೂರನೇ ದಿನ ಬೀರು ಖಾಲಿ ಮಾಡಿ ಬಟ್ಟೆಯೆಲ್ಲ ನೆಲಕ್ಕೆ ಸುರಿಯುತ್ತಾರೆ. ಒಮ್ಮೆ ವಾಂತಿಭೇದಿ ಆಗಿತ್ತು. ಮೈಯಲ್ಲಿ ನೀರು ಕಡಿಮೆಯಾದರೆ ರಕ್ತದಲ್ಲಿ ಲಿಥಿಯಂ ಲೆವೆಲ್ ಏರುತ್ತದೆ ಅಂತ ಆಗ ನನಗೆ ಗೊತ್ತಿರಲಿಲ್ಲ. ಕೈ ಎಷ್ಟು ನಡುಗುತ್ತಿತ್ತು ಅಂದರೆ ಲೋಟದ ನೀರು ಅರ್ಧ ಮಡಿಲಿಗೆ. ಮಾತು ತೊದಲುತ್ತಿತ್ತು. 0.6ರಿಂದ 1.0ರ ನಡುವೆ ಇರಬೇಕಾದ ಲೆವೆಲ್ 2.1 ಬಂತು. ಐದು ದಿನ ಆಸ್ಪತ್ರೆ. ನಾನು ಪಕ್ಕದಲ್ಲಿ ಇಲ್ಲದಿದ್ದರೆ ಏನಾಗುತ್ತಿತ್ತು? ರಕ್ತ, ಥೈರಾಯ್ಡ್, ಕಿಡ್ನಿ, ನಿದ್ದೆ ಎಲ್ಲವನ್ನೂ ಬರೆದಿಡುತ್ತೇನೆ. ಈಗ ಏಳನೇ ನೋಟ್‌ಬುಕ್.

ಹೊರಟವನು: ನಾನು 19ಕ್ಕೇ ಹೋದೆ. ಅಪ್ಪನಿಗೆ ಸ್ಕಿಜೋಫ್ರೇನಿಯಾ, ಇಲ್ಲದ್ದನ್ನು ಇದೆ ಅಂತ ನಂಬಿಸುವ ಮನಸ್ಸಿನ ಕಾಯಿಲೆ. ಹೊರಗಿನವರು ಕದ್ದು ಕೇಳುತ್ತಾರೆ ಅಂತ ಕಿಟಕಿ ಸಂದಿಗೆಲ್ಲ ಪೇಪರ್ ಅಂಟಿಸುತ್ತಿದ್ದರು. ನಾನು ಶಾಲೆಯ ಪಾಠವನ್ನೂ ಪಿಸುಮಾತಿನಲ್ಲೇ ಓದಿದವನು. ನಾನು ಹೋದ ಎರಡನೇ ವರ್ಷ ಅವರು ಮಾತ್ರೆ ಬಿಟ್ಟರು. ಆರು ತಿಂಗಳು ಚೆನ್ನಾಗಿದ್ದರು. ವಾಸಿಯಾಯ್ತು ಅಂತ ಅಮ್ಮ ನಂಬಿದರು. ಏಳನೇ ತಿಂಗಳು ಪೇಪರ್ ಮತ್ತೆ ಬಂತು. ಈಗ ತಿಂಗಳಿಗೊಂದು ಇಂಜೆಕ್ಷನ್, ಮಾತ್ರೆಯ ಜಗಳ ಇಲ್ಲ. ಹಿರಿಮಗಳು ಅವರೇ, ಪಕ್ಕದಲ್ಲಿ ಕೂತವರಿಗೆ ಮಾತ್ರ ಕರುಳಿದೆ ಅನ್ನುವ ಹಾಗೆ ಬರೆಯಬೇಡಿ.

ಹಿರಿಮಗಳು: ಹಾಗೆ ಎಲ್ಲಿ ಬರೆದೆ? ನೀವು ಹೋದ ಮೇಲೆ ಆ ಮನೆಯಲ್ಲಿ ಉಳಿದವರು ನಿಮ್ಮ ಅಮ್ಮ ತಾನೇ?

ಹೊರಟವನು: ಆ ಲೆಕ್ಕ ನನಗೂ ಅಮ್ಮನಿಗೂ ಬಿಟ್ಟಿದ್ದು. ನಿಮಗೆ ಒಪ್ಪಿಸಬೇಕಿಲ್ಲ.

ಕಿರಿಯವಳು: ಸಾಕು ಮಾಡಿ ಇಬ್ಬರೂ. ನಮ್ಮ ಮನೆಯಲ್ಲಿ ಕಾಯಿಲೆಯ ಹೆಸರನ್ನೇ ಯಾರೂ ಹೇಳಲಿಲ್ಲ. "ಅಮ್ಮನಿಗೆ ಸುಸ್ತು" ಅಷ್ಟೇ. ಎಂಟು ವರ್ಷದವಳಿದ್ದಾಗ ನಾನು ಜೋರಾಗಿ ನಕ್ಕಿದ್ದಕ್ಕೇ ಅಮ್ಮ ಎರಡು ವಾರ ಮಲಗಿದರು ಅಂದುಕೊಂಡಿದ್ದೆ. ಖಿನ್ನತೆ ಅಂತ ಗೊತ್ತಾಗಿದ್ದು 26ಕ್ಕೆ. ಬಾಗಿಲ ಹೊರಗೆ ನಿಂತು ಅವರ ಉಸಿರು ಕೇಳಿಸಿಕೊಳ್ಳುತ್ತಿದ್ದೆ. ಇನ್ನೊಂದು ಮಗು ಹಾಗೆ ನಿಲ್ಲುವುದು ಬೇಡ. ನನಗೆ ಮಕ್ಕಳು ಬೇಡ ಅಂತ ತೀರ್ಮಾನ ಮಾಡಿದ್ದೇನೆ.

ಹೊರಟವನು: ರಕ್ತದಲ್ಲೇ ಬರುತ್ತದೆ ಅಂತ ಹೆದರಿಸಬೇಡಿ. ಅಪ್ಪ ಅಥವಾ ಅಮ್ಮನಿಗೆ ಸ್ಕಿಜೋಫ್ರೇನಿಯಾ ಇದ್ದರೂ ಮಕ್ಕಳಲ್ಲಿ 100ಕ್ಕೆ ಸುಮಾರು 10 ಜನರಿಗೆ ಬರುತ್ತದೆ, ಉಳಿದವರಿಗೆ ಇಲ್ಲ. ನನಗೆ ಇಬ್ಬರು ಮಕ್ಕಳು.

ಕಿರಿಯವಳು: ರಕ್ತದ ಮಾತು ನಾನು ಆಡಲೇ ಇಲ್ಲ. ಓದಿ ಉತ್ತರ ಕೊಡಿ.

ಕೇಳಿದವಳು: ದಯವಿಟ್ಟು ಜಗಳ ಬೇಡ. ಅಪ್ಪನಿಗೆ ಇದನ್ನೆಲ್ಲ ಹೇಗೆ ಕಲಿಸಲಿ?

ಹಿರಿಮಗಳು: ಹೋಗುವ ಎರಡು ತಿಂಗಳ ಮೊದಲೇ ಬರೆಯುವ ಕೆಲಸ ಅವರಿಗೆ ಕೊಡು. ತಪ್ಪಿದರೂ ನೀನು ಕೈ ಹಾಕಬೇಡ, ಸುಮ್ನೆ ತೋರಿಸು. ವಾಂತಿಭೇದಿ ಆದರೆ ಅದೇ ದಿನ ಡಾಕ್ಟರಿಗೆ ಫೋನು. ಮೈಕೈ ನೋವಿಗೆ ಐಬುಪ್ರೊಫೆನ್ ಕೊಡಬಾರದು, ಅದೂ ಲೆವೆಲ್ ಏರಿಸುತ್ತದೆ. ನನಗೂ ಒಬ್ಬ ತಮ್ಮ ಇದ್ದಾನೆ. ಈ 11 ವರ್ಷದಲ್ಲಿ ನೋಟ್‌ಬುಕ್ ಅವನ ಕೈಗೆ ನಾನು ಒಂದು ದಿನವೂ ಕೊಟ್ಟಿಲ್ಲ.